ವಿದ್ಯುಚ್ಛಕ್ತಿಯ ವಿನಿಯೋಗವೂ ಬಾವಿಯ ಆಳವೂ

ಮೈಸೂರು ಸೀಮೆಯಲ್ಲಿ ವಿದ್ಯುಚ್ಛಕ್ತಿಯನ್ನು ಮೊದಲು ಪಡೆದುದು ಗಣಿಯ ಉದ್ಯಮವು. 1902ನೆಯ ಇಸವಿಯಲ್ಲಿ ಶಿವನಸಮುದ್ರದಲ್ಲಿ ಉತ್ಪನ್ನವಾದ ಶಕ್ತಿಯನ್ನು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಲಾಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು 1905ರಲ್ಲಿ. ಬೇಸಾಯದ ಸರದಿಯು ಬಹಳ ಹಿಂದೆ ಬಿದ್ದಿತು. ಆಗ ಬಾವಿಯ ನೀರನ್ನೆತ್ತುತ್ತಿದ್ದುವು ಕಪಿಲೆ, ಏತಗಳೇ.

ಈ ಕ್ರಮವು ಈಗ ತಲೆಕೆಳಗಾಗಿದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು. ಕರ್ನಾಟಕದಲ್ಲಿ ಸರಬರಾಜು ಕಂಪನಿಗಳು ಒದಗಿಸುವ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ನೀರಾವರಿಯ ಪಂಪುಸೆಟ್ಟುಗಳಿಗೇ ಸಲ್ಲುತ್ತದೆ. ಇದು ವಿದ್ಯುತ್ತಿನ ಲೆಕ್ಕ ಮಾತ್ರ. ಲಾರಿ, ಟ್ರಾಕ್ಟರುಗಳ ಡೀಸೆಲ್, ಹುಣಸೂರಿನ ಕಡೆಯ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಉರಿಯುವ ಸೌದೆ, ಆಲೆಮನೆಯ ಕಬ್ಬಿನ ಸಿಪ್ಪೆ ಇವೂ ಶಕ್ತಿಯೇ ಆದರೂ ಇದರಲ್ಲಿ ಸೇರಿರುವುದಿಲ್ಲ.

ಕಾರ್ಖಾನೆಯು ಹಗಲಿರುಳೂ ಹೆಚ್ಚುಕಡಮೆ ಒಂದೇ ಸಮನಾಗಿ ಶಕ್ತಿಯನ್ನು ಬಳಸುತ್ತದೆ. ಮನೆಗಳ ಬೇಡಿಕೆಯು ಬೆಳಗ್ಗೆ, ಸಂಜೆ ಏರುತ್ತದೆ. ಬೇಸಾಯದ ಬೇಡಿಕೆಯಾದರೋ ಮಳೆಯನ್ನನುಸರಿಸಿದುದು. ಮಳೆ ತಪ್ಪಿದ ವರ್ಷ ಪಂಪುಗಳು ಹೆಚ್ಚು ಹೊತ್ತು ಓಡಬೇಕಾಗುತ್ತದೆ. ಅದೇ ವರ್ಷ ಜಲವಿದ್ಯುತ್ತಿನ ಜಲಾಶಯಗಳಲ್ಲಿಯೂ ನೀರು ಕಡಮೆ. 2023ರ ಬರದಲ್ಲಿ ಈ ಎರಡು ಸಂಕಟಗಳೂ ಕೂಡಿ ಬಂದುವು.

ನೀರಿನ ಆಳವೇ ಇಲ್ಲಿ ಮುಖ್ಯವಾದ ಸಂಗತಿ. ನಷ್ಟವೇ ಇಲ್ಲದಿದ್ದರೆ 1 ಯೂನಿಟ್ ಶಕ್ತಿಯು 1,000 ಲೀಟರ್ ನೀರನ್ನು ಸುಮಾರು 1,200 ಅಡಿ ಎತ್ತಬಲ್ಲದು. ಆದರೆ ಮೋಟಾರು, ಪಂಪು, ಕೊಳವೆಗಳಲ್ಲಿ ಬಹುಭಾಗವು ವ್ಯರ್ಥವಾಗುವುದರಿಂದ ನೂರಕ್ಕೆ 40 ಪಾಲು ಕೆಲಸಕ್ಕೆ ಒದಗಿತೆಂದು ಎಣಿಸಬಹುದು. ಒಂದು ಎಕರೆಗೆ ಒಂದು ಅಂಗುಲ ನೀರು ನಿಲ್ಲಿಸಬೇಕಾದರೆ ಸುಮಾರು 1,03,000 ಲೀಟರ್ ಬೇಕು. 30 ಅಡಿ ಆಳದ ತೆರೆದ ಬಾವಿಯಿಂದ ಇದನ್ನೆತ್ತಲು ತಗಲುವುದು 6 ಯೂನಿಟ್ಟಿಗೆ ತುಸು ಹೆಚ್ಚು. ನೀರು 500 ಅಡಿಗೆ ಇಳಿದಿರುವ ಕೊಳವೆಬಾವಿಯಿಂದಾದರೆ ಸುಮಾರು 107 ಯೂನಿಟ್. ಬೆಳೆಯೂ ಅದೇ, ನೀರೂ ಅದೇ. ನಿರಂತರವಾಗಿ ಹರಿಯುವ ನದಿಯಿಲ್ಲದೆ ಅಂತರ್ಜಲವನ್ನೇ ನಂಬಿರುವ ಕೋಲಾರ ಜಿಲ್ಲೆಯಲ್ಲಿ, ಹಿಂದೆ ಚಿನ್ನಕ್ಕಾಗಿ ಭೂಮಿಯೊಳಕ್ಕೆ ಹೋದ ಶಕ್ತಿಯು ಇಂದು ನೀರಿಗಾಗಿ ಹೋಗುತ್ತಿರುವುದೆಂದರೆ ತಪ್ಪಾಗಲಾರದು.

10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ 2008ರಿಂದ ವಿದ್ಯುತ್ತು ಉಚಿತವಾಗಿದ್ದು, ಅವುಗಳಲ್ಲಿ ಬಹುಪಾಲಿಗೆ ಮೀಟರು ಇಲ್ಲದುದರಿಂದ ರೈತನಿಗೆ ಈ ಭೇದವು ಕಣ್ಣಿಗೆ ಬೀಳುವುದಿಲ್ಲ. ಆದರೂ ಪರೀಕ್ಷಿಸುವುದು ಸುಲಭ. 5 ಅಶ್ವಶಕ್ತಿಯ ಮೋಟಾರು ಪೂರ್ಣವಾಗಿ ದುಡಿಯುವಾಗ ಗಂಟೆಗೆ ಸುಮಾರು 4½ ಯೂನಿಟ್ ಎಳೆಯುತ್ತದೆ. ಮೇಲಣ ಲೆಕ್ಕದಂತೆ 500 ಅಡಿಯಿಂದ ನೀರೆತ್ತುವ ಅಂಥ ಪಂಪು 200 ಲೀಟರಿನ ಡ್ರಮ್ಮನ್ನು ಸುಮಾರು 2¾ ನಿಮಿಷದಲ್ಲಿ ತುಂಬಬೇಕು. 4 ನಿಮಿಷ ಹಿಡಿದರೆ ಪಂಪಿನೊಳಗಿನ ಚಕ್ರಗಳು ಸವೆದಿರಬೇಕು, ಕೊಳವೆಯ ಕೀಲು ಸೋರುತ್ತಿರಬೇಕು, ಇಲ್ಲವೇ ನೀರಿನ ಮಟ್ಟವು ಇನ್ನೂ ಕೆಳಗಿಳಿದಿರಬೇಕು. ಮೊದಲೆರಡನ್ನು ರಿಪೇರಿಯವನು ಒಂದು ದಿನದಲ್ಲಿ ಸರಿಪಡಿಸಬಲ್ಲನು.