ಆನ್‌ಲೈನ್ ಪಾಠಶಾಲೆ: ಟವರ್ ಒಂದೇ ಸಾಲದು

ದಕ್ಷಿಣ ಕನ್ನಡದ ಕೊಯಿಲದಂಥ ಊರಲ್ಲಿ ಮನೆಗಳು ಒತ್ತೊತ್ತಾಗಿರುವುದಿಲ್ಲ. ಒಂದು ಮನೆ, ಅದರ ತೋಟ, ಒಂದು ಗುಡ್ಡೆ, ಅದರಾಚೆ ಇನ್ನೊಂದು ಮನೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿ ಪಾಠ ಫೋನಿಗೆ ಬಂದಾಗ ಕಡಬ, ಸುಳ್ಯ, ಪುತ್ತೂರಿನ ಮಕ್ಕಳಿಗೆ ಈ ಭೂಗೋಳವೇ ಅಡ್ಡ ಬಂತು. ಆಗ ಹುಟ್ಟಿದ ಕೆಲವು ನಂಬಿಕೆಗಳು ಇನ್ನೂ ಗಟ್ಟಿಯಾಗಿ ಕೂತಿವೆ.

ತಪ್ಪು ಕಲ್ಪನೆ: ನೆಟ್‌ವರ್ಕ್ ಬಂದರೆ ಉಳಿದದ್ದೆಲ್ಲ ತಾನಾಗಿಯೇ ಸರಿಹೋಗುತ್ತದೆ.

ವಾಸ್ತವ: 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದ ಚಿತ್ರವೊಂದು ಎಲ್ಲೆಡೆ ಹರಿದಾಡಿತು. ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿರುವ ಮಗಳು, ಪಕ್ಕದಲ್ಲಿ ಕೊಡೆ ಹಿಡಿದು ನಿಂತ ಅಪ್ಪ. ಟವರ್ ಬೇಕೆಂದು ಎಲ್ಲರೂ ಹೇಳಿದರು. ಬೇಕು, ನಿಜ. ಆದರೆ ಪಾಠ ನೇರಪ್ರಸಾರದಲ್ಲೇ ಯಾಕಿರಬೇಕು? ಅದಕ್ಕೆ ಸಿಗ್ನಲ್ ಉದ್ದಕ್ಕೂ ಬೇಕು. ಎರಡು ಪುಟದ ಟಿಪ್ಪಣಿಯನ್ನೋ ಹತ್ತು ನಿಮಿಷದ ಧ್ವನಿಮುದ್ರಣವನ್ನೋ ಪೇಟೆಗೆ ಹೋದಾಗ ಒಮ್ಮೆ ಇಳಿಸಿಕೊಂಡರೆ ಸಾಕು, ಮನೆಯಲ್ಲಿ ಎಷ್ಟು ಸಲ ಬೇಕಾದರೂ ಕೇಳಬಹುದು. 2017ರಲ್ಲಿ ಬಂದ, ಶಾಲಾ ಪಾಠಗಳ ‘ದೀಕ್ಷಾ’ ಆ್ಯಪಿನಲ್ಲೂ ಹೀಗೆ ಇಳಿಸಿಕೊಳ್ಳುವ ಅನುಕೂಲವಿದೆ. ಗುಡುಗು ಕೇಳಿದ ಕೂಡಲೇ ಮೊಡೆಮಿನ ಪಿನ್ನು ಕಿತ್ತಿಡುವ ನಮ್ಮ ಕಡೆಗೆ ಹೊಂದುವುದು ಇದೇ.

ತಪ್ಪು ಕಲ್ಪನೆ: ಪಾಠಗಳನ್ನು ಹೀಗೆ ಇಳಿಸಿಕೊಳ್ಳಲು ಕೊಡುವ ತಾಣ ಕಟ್ಟಲು ಕಂಪ್ಯೂಟರ್ ಎಂಜಿನಿಯರ್ ಬೇಕು, ಇಲ್ಲವೇ ದುಬಾರಿ ಆ್ಯಪ್ ಕೊಳ್ಳಬೇಕು.

ವಾಸ್ತವ: ಕರ್ನಾಟಕದಲ್ಲೇ ಇದಕ್ಕೆ ಉತ್ತರವಿದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣ ಓಡುವುದು ಮೀಡಿಯಾವಿಕಿಯ ಮೇಲೆ. ವಿಕಿಪೀಡಿಯ ಬಳಸುವ ಉಚಿತ ತಂತ್ರಾಂಶವೂ ಇದೇ. ಅಲ್ಲಿ ಪುಟ ಬರೆದವರಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೇ ಇದ್ದಾರೆ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ತಿದ್ದಬಹುದು, ಹಂಚಬಹುದು. ಪರವಾನಗಿಯೇ ಅದಕ್ಕೆ ಒಪ್ಪಿಗೆ ಕೊಡುತ್ತದೆ. ಯಾರಾದರೂ ತಪ್ಪು ತುಂಬಿದರೆ? ವಿಕಿಯಲ್ಲಿ ಪ್ರತಿ ಬದಲಾವಣೆಯೂ ದಾಖಲಾಗಿರುತ್ತದೆ, ಹಳೆಯ ಪುಟವನ್ನು ಮರಳಿ ತರಬಹುದು.

ತಿದ್ದುವ ಸ್ವಾತಂತ್ರ್ಯದಿಂದ ಆಗುವ ಲಾಭ ದೊಡ್ಡದು. ಕ್ಷೇತ್ರಫಲದ ಲೆಕ್ಕದಲ್ಲಿ ಕ್ರಿಕೆಟ್ ಮೈದಾನವಿದ್ದರೆ ಕೊಯಿಲದ ಟೀಚರ್ ಅದನ್ನು ಅಡಿಕೆ ಒಣಗಿಸುವ ಅಂಗಳ ಮಾಡಬಹುದು: ಉದ್ದ 12 ಮೀಟರ್, ಅಗಲ 8 ಮೀಟರ್, ನಡುವೆ 1 ಮೀಟರ್ ಚೌಕದ ತುಳಸಿಕಟ್ಟೆ; ಅಡಿಕೆ ಹರಡಲು ಉಳಿದ ಜಾಗ ಎಷ್ಟು? ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಆ ಅಂಗಳ ಬಿಡಿಸಿ ಒಂದು ಮೂಲೆಯನ್ನು ಎಳೆದರೆ ಕ್ಷೇತ್ರಫಲ ಕಣ್ಣೆದುರೇ ಬದಲಾಗುತ್ತದೆ. ಕಂಪ್ಯೂಟರಿಗೆ ಒಮ್ಮೆ ಹಾಕಿಕೊಂಡರೆ ಅದಕ್ಕೆ ಇಂಟರ್‌ನೆಟ್ಟೂ ಬೇಡ.

ತಪ್ಪು ಕಲ್ಪನೆ: ವಿಡಿಯೊ ಹಾಕಿದರೆ ಪಾಠ ಮುಗಿಯಿತು.

ವಾಸ್ತವ: ಅದು ಅರ್ಧ ಮಾತ್ರ. ಮನೆಯಲ್ಲಿ ತುಳು, ಬ್ಯಾರಿ, ಅರೆಭಾಷೆ ಆಡುವ ಮಕ್ಕಳು ಎಲ್ಲರ ಮುಂದೆ ಬಾಯಿಬಿಡಲು ಅಂಜುತ್ತಾರೆ. ಅವರು ತಮ್ಮ ಮಾತಲ್ಲೇ ಪ್ರಶ್ನೆ ಕಳಿಸಲು ಒಂದು ದಾರಿ, ಅದಕ್ಕೆ ಉತ್ತರಿಸುವ ಒಬ್ಬ ಟೀಚರ್, ಇಷ್ಟಿಲ್ಲದ ತಾಣ ಬರೀ ಗೋದಾಮು.

ತಪ್ಪು ಕಲ್ಪನೆ: ಫೋನ್ ಇಲ್ಲದ ಮಕ್ಕಳಿಗೆ ಇದರಲ್ಲಿ ಜಾಗವಿಲ್ಲ.

ವಾಸ್ತವ: 2020ರ ಆಗಸ್ಟ್‌ನಲ್ಲಿ ಶುರುವಾದ ರಾಜ್ಯ ಸರ್ಕಾರದ ‘ವಿದ್ಯಾಗಮ’ ಕಾರ್ಯಕ್ರಮ ಮಕ್ಕಳನ್ನು ಮೊದಲೇ ಮೂರು ಗುಂಪು ಮಾಡಿತ್ತು: ಇಂಟರ್‌ನೆಟ್ ಇರುವ ಫೋನಿನವರು, ಬರೀ ಫೋನಿನವರು, ಯಾವುದೂ ಇಲ್ಲದವರು. ಶಿಕ್ಷಕರು ಮಕ್ಕಳಿದ್ದ ಕಡೆಗೇ ಹೋದರು. ಸೋಂಕು ಹರಡಿತೆಂಬ ದೂರು ಬಂದು ಅಕ್ಟೋಬರ್‌ನಲ್ಲಿ ಅದು ನಿಂತಿತು. ಆದರೂ ಆ ಗುಂಪು ಮಾಡುವ ಕ್ರಮ ನನಗೆ ಇವತ್ತಿಗೂ ಸರಿ ಅನ್ನಿಸುತ್ತದೆ. ತಾಣಕ್ಕೆ ಹೆಸರಿಡುವ ಮೊದಲು ಮೂರನೇ ಗುಂಪಿನವರ ಪಟ್ಟಿ ಬರೆಯಬೇಕು. ಎಷ್ಟು ಹಾಳೆ ಮುದ್ರಿಸಬೇಕು, ಯಾವ ಮನೆಗೆ ಯಾರು ತಲುಪಿಸಬೇಕು ಎಂಬುದು ಅದರಿಂದಲೇ ಗೊತ್ತಾಗುತ್ತದೆ.