ಒಂದೇ ಅಲೆಯಲ್ಲಿ ಹಲವು ಮಾತು

ಸುಳ್ಯದಿಂದ ಸಂಪಾಜೆಗೆ ಹೋಗುವ ದಾರಿಯಲ್ಲಿ ಅರಂತೋಡು ಎಂಬ ಊರಿದೆ. ಸುತ್ತಲೂ ಕಾಡುಗುಡ್ಡಗಳು, ತಗ್ಗಿನಲ್ಲಿ ಅಡಕೆಯ ತೋಟಗಳು, ತೋಟದ ಬದಿಗೆ ಮನೆಗಳು. ಇಂಥ ನೆಲದಲ್ಲಿ ಟವರಿನ ಸಮೀಪದವರ ಮೊಬೈಲಿನ ರೇಡಿಯೋ ಅಲೆ ಬಲವಾಗಿಯೇ ಟವರನ್ನು ಮುಟ್ಟುತ್ತದೆ. ಗುಡ್ಡದ ಮರೆಯಲ್ಲಿರುವವರದು ಸೊರಗಿ ತಲಪುತ್ತದೆ. ಇವರಿಬ್ಬರೂ ಒಂದೇ ಗಳಿಗೆಯಲ್ಲಿ, ಒಂದೇ ಕಂಪನಾಂಕದಲ್ಲಿ ಮಾತನಾಡುವುದು ಸಾಧ್ಯವೇ?

ಸಾಧ್ಯ. 1995ರಲ್ಲಿ ಹಾಂಗ್‌ಕಾಂಗಿನಲ್ಲಿ ಬಳಕೆಗೆ ಬಂದು, ಮುಂದೆ ನಮ್ಮ ದೇಶದಲ್ಲಿಯೂ ಕೆಲವು ಕಾಲ ನಡೆದ ಸಿ.ಡಿ.ಎಂ.ಎ. ದೂರವಾಣಿಗಳು ಹೀಗೆಯೇ ಕೆಲಸ ಮಾಡಿದವು. ಅವಕ್ಕೆ ಆಧಾರವಾದುದು ‘ಸ್ಪ್ರೆಡ್ ಸ್ಪೆಕ್ಟ್ರಂ’, ಎಂದರೆ ಅಲೆಯನ್ನು ಅಗಲವಾಗಿ ಹರಡುವ ವಿಧಾನ. ಸೆಕೆಂಡಿಗೆ 9,600 ಬಿಟ್‌ಗಳ ಸಂದೇಶವನ್ನು, ಸೆಕೆಂಡಿಗೆ 12,28,800 ತುಣುಕುಗಳುಳ್ಳ ಸಂಕೇತಮಾಲೆಯೊಡನೆ ಹೆಣೆಯುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಮಾಲೆ. ಟವರು ಯಾರ ಮಾಲೆಯನ್ನು ಹಿಡಿದು ಹುಡುಕುವುದೋ ಅವರ ಮಾತು ಮೇಲೆದ್ದು ಬರುತ್ತದೆ. ಉಳಿದವರದು ಬರಿಯ ಗುಜುಗುಜು. ಈ ಹೆಣಿಗೆಯಿಂದ ದೊರೆಯುವ ಅನುಕೂಲ 128 ಮಡಿ.

ಅದಕ್ಕೂ ಮಿತಿಯುಂಟು. ನೆಲದ ಮೇಲೆ ಅಲೆಯ ಬಲವು ದೂರದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಕುಗ್ಗುವುದೆಂದು ಸ್ಥೂಲವಾಗಿ ಲೆಕ್ಕ ಹಿಡಿಯೋಣ. ಹತ್ತು ಪಟ್ಟು ಹತ್ತಿರವಿರುವವರ ಅಲೆ 10,000 ಪಟ್ಟು ಬಲವಾಗಿರುತ್ತದೆ. ಅದರ ಮುಂದೆ 128 ಮಡಿಯ ಅನುಕೂಲ ಎಷ್ಟರದು? ದೂರದವರ ಮಾತು ಮುಳುಗಿಯೇ ಹೋಗುತ್ತದೆ. ಅವರು ದನಿಯೇರಿಸಿದರೆ ಇವರೂ ಏರಿಸುತ್ತಾರೆ. ಮದುವೆಯ ಚಪ್ಪರದ ಗದ್ದಲದಂತೆ ಯಾರ ಮಾತೂ ಕೇಳಿಸದು. ಬ್ಯಾಟರಿಗಳು ಬರಿದಾಗುವುದೊಂದೇ ಫಲ.

ಆದ್ದರಿಂದ ಟವರು ಸೆಕೆಂಡಿಗೆ 800 ಸಲ ಪ್ರತಿಯೊಂದು ಮೊಬೈಲಿಗೂ ‘ತಗ್ಗಿಸು’ ಇಲ್ಲವೆ ‘ಏರಿಸು’ ಎಂದು ಆಜ್ಞೆ ಕೊಡುತ್ತಿತ್ತು. ಎಲ್ಲರ ಅಲೆಯೂ ಸಮಬಲದಲ್ಲಿ ತಲಪಬೇಕೆಂಬುದೇ ಇದರ ಗುರಿ. ಹತ್ತಿರದವರು ತಗ್ಗಿ ನುಡಿದರೆ ಮಾತ್ರ ದೂರದವರಿಗೆ ನುಡಿಯುವ ಎಡೆ ಉಳಿಯುತ್ತದೆ. ಇದು ಸಹಕಾರದ ಮೊದಲನೆಯ ಮೆಟ್ಟಿಲು.

ಎರಡನೆಯದು ನೆರವು. ಗುಡ್ಡದಾಚೆಯವರನ್ನು ಕರೆಯಬೇಕಾದರೆ ನಡುವಿನ ಮನೆಯವರು ಕೂಗನ್ನು ಕೇಳಿ ಮುಂದಕ್ಕೆ ಕೂಗುವುದುಂಟಷ್ಟೆ. ಮೊಬೈಲುಗಳೂ ಹಾಗೆಯೇ ಮಾಡಬಾರದೇಕೆ? ಸೆಂಡೊನಾರಿಸ್, ಎರ್ಕಿಪ್, ಆಜಾಂಗ್ ಎಂಬ ಮೂವರು 2003ರಲ್ಲಿ ಇದನ್ನು ಗಣಿತದಿಂದ ಪರಿಶೀಲಿಸಿದರು. ನೆರೆಯ ಇಬ್ಬರು ತಮ್ಮ ಸಂದೇಶದೊಡನೆ ಪರಸ್ಪರರ ಸಂದೇಶವನ್ನೂ ಕಳುಹಿಸಿದರೆ, ಒಂದು ದಾರಿ ಮಸುಕಾದಾಗ ಇನ್ನೊಂದು ಒದಗುತ್ತದೆ. ಅವರಿಬ್ಬರ ನಡುವಣ ಅಲೆಯಲ್ಲಿ ಗದ್ದಲವಿದ್ದಾಗಲೂ ಇಬ್ಬರಿಗೂ ಲಾಭವುಂಟೆಂದು ಅವರು ತೋರಿಸಿದರು.

ಸಿ.ಡಿ.ಎಂ.ಎ. ದೂರವಾಣಿಗಳು ನಮ್ಮಲ್ಲಿ ಮರೆಯಾಗಿವೆ. ದನಿ ತಗ್ಗಿಸುವ ನಿಯಮ ಇಂದಿನ ಮೊಬೈಲುಗಳಲ್ಲಿಯೂ ಉಳಿದಿದೆ. ನೆರವಿನ ವಿಷಯ ಅಷ್ಟು ಸುಲಭವಲ್ಲ. ತಗ್ಗಿ ನುಡಿದರೆ ನಮ್ಮ ಬ್ಯಾಟರಿಯೂ ಉಳಿಯುತ್ತದೆ. ಪರರ ಮಾತನ್ನು ಹೊತ್ತರೆ ಅದು ವೆಚ್ಚವಾಗುತ್ತದೆ. ಇಂದು ಹೊತ್ತವರನ್ನು ನಾಳೆ ಹೊರುವವರಿದ್ದರೆ ಮಾತ್ರ ಗುಡ್ಡದ ಮರೆಯ ಮನೆಗೂ ಅದರ ಪ್ರಯೋಜನ ಮುಟ್ಟೀತು.