ಆಚಾರದ ಅಳತೆಗೋಲು ಯಾರ ಕೈಯಲ್ಲಿದೆ?

ದೇಶಕ್ಕೊಂದು ಆಚಾರ, ಕುಲಕ್ಕೊಂದು ರೂಢಿ ಎಂಬುದು ಲೋಕದ ಮಾತು. ಹಾಗಾದರೆ ಒಂದು ಸಮುದಾಯದ ಆಚಾರವನ್ನು ಸರಿ ಅಥವಾ ತಪ್ಪು ಎಂದು ನಿರ್ಣಯಿಸಬೇಕಾದವರು ಯಾರು? ಹೊರಗೆ ನಿಂತು ನೋಡುವವರೇ, ಒಳಗಿದ್ದು ಆಚರಿಸುವವರೇ? 2015ರಲ್ಲಿ ಸಲ್ಲೇಖನ ವ್ರತದ ವಿಷಯದಲ್ಲಿ ಈ ಪ್ರಶ್ನೆ ಜೈನ ಸಮಾಜಕ್ಕೆ ನೇರವಾಗಿ ಎದುರಾಯಿತು.

ಆ ವರ್ಷದ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್, ಸಲ್ಲೇಖನ ಅಥವಾ ಸಂಥಾರವನ್ನು ಆತ್ಮಹತ್ಯೆಯೆಂದು ಪರಿಗಣಿಸಿ ಕ್ರಮ ಕೈಗೊಳ್ಳುವಂತೆ ಆದೇಶಿಸಿತು. ಅದು ಜೈನಧರ್ಮದ ಅತ್ಯಗತ್ಯ ಆಚರಣೆಯೆಂಬುದು ಸಿದ್ಧವಾಗಿಲ್ಲವೆಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು. ಶ್ರಾವಕ ಶ್ರಾವಕಿಯರು ದೇಶದ ಹಲವೆಡೆ ಮೌನ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

‘ಇದು ನಮ್ಮ ಸಂಪ್ರದಾಯ, ಕೇಳಲು ಹೊರಗಿನವರಿಗೇನು ಅಧಿಕಾರ?’ ಎನ್ನುವುದು ಸುಲಭದ ಉತ್ತರ. ಅನೇಕಾಂತವನ್ನೂ ಕೆಲವರು ‘ಅವರವರಿಗೆ ಅವರವರದೇ ಸರಿ’ ಎಂದು ಅರ್ಥೈಸುತ್ತಾರೆ. ಅನೇಕಾಂತದ ತಾತ್ಪರ್ಯ ಅದಲ್ಲ. ವಸ್ತುವಿಗೆ ಅನಂತ ಧರ್ಮಗಳಿವೆ. ಒಂದೊಂದು ನಯ ಅವುಗಳಲ್ಲಿ ಒಂದನ್ನು ಕಾಣುತ್ತದೆ. ತಾನು ಕಂಡದ್ದೇ ಪೂರ್ಣವೆಂದು ಉಳಿದವನ್ನು ಅಲ್ಲಗಳೆದರೆ ಅದು ದುರ್ನಯವಾಗುತ್ತದೆ. ಈ ನಿಯಮ ಹೊರಗಿನವರಿಗೆ ಅನ್ವಯಿಸುವಂತೆ ಒಳಗಿನವರಿಗೂ ಅನ್ವಯಿಸುತ್ತದೆ.

ಆದುದರಿಂದಲೇ ನಮ್ಮ ಆಚಾರ್ಯರು ಸಲ್ಲೇಖನವನ್ನು ಕೇವಲ ರೂಢಿಯೆಂದು ಬಿಡದೆ ಅದಕ್ಕೆ ಒರೆಗಲ್ಲನ್ನು ಇಟ್ಟರು. ಪರಿಹಾರವೇ ಇಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು ಅಥವಾ ರೋಗ ಒದಗಿದಾಗ ಮಾತ್ರ, ಧರ್ಮರಕ್ಷಣೆಗಾಗಿ ದೇಹವನ್ನು ಬಿಡುವುದು ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬದುಕಿನ ಆಸೆ, ಮರಣದ ಆಸೆ, ಮಿತ್ರರ ಮೇಲಿನ ಅನುರಾಗ, ಹಿಂದಿನ ಸುಖದ ಸ್ಮರಣೆ, ಮುಂದಿನ ಭೋಗದ ನಿದಾನ. ಬೇಗ ಸಾವು ಬರಲಿ ಎಂದು ಬಯಸುವುದೇ ಇಲ್ಲಿ ದೋಷ. ಇದು ಆತ್ಮಹತ್ಯೆಯಾಗದೇ ಎಂಬ ಪ್ರಶ್ನೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತಾವೇ ಎತ್ತಿಕೊಂಡು, ರಾಗದ್ವೇಷಗಳಿಲ್ಲದ ಕಾರಣ ಆಗದು ಎಂದು ಉತ್ತರಿಸಿದರು. ನ್ಯಾಯಾಲಯ ಕೇಳಿದ ಪ್ರಶ್ನೆ ಪರಂಪರೆಗೆ ಹೊಸದಾಗಿರಲಿಲ್ಲ.

ಸಮಂತಭದ್ರರ ಬಗೆಗೇ ಒಂದು ಕಥೆಯಿದೆ. ಭಸ್ಮಕವ್ಯಾಧಿಯಿಂದ ತೀವ್ರವಾಗಿ ನೊಂದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದರು. ಅವರಿಂದ ಧರ್ಮಕ್ಕೆ ಇನ್ನೂ ಮಹತ್ತಾದ ಕಾರ್ಯ ಆಗಬೇಕಾಗಿದೆಯೆಂದು ಅರಿತ ಗುರುಗಳು ಒಪ್ಪಲಿಲ್ಲ. ಮೊದಲು ರೋಗ ವಾಸಿಮಾಡಿಕೊಳ್ಳುವಂತೆ ಹೇಳಿ ಕಳುಹಿಸಿದರು. ಸಲ್ಲೇಖನವನ್ನು ಬೋಧಿಸುವ ಪರಂಪರೆಯೇ ಅದನ್ನು ಕೇಳಿದವರಿಗೆ ‘ಈಗ ಬೇಡ’ ಎಂದೂ ಹೇಳಬಲ್ಲದು.

ಹೀಗಿರುವಾಗ, ಮುಪ್ಪಿನವರನ್ನು ಮನೆಯವರೇ ವ್ರತದ ಹೆಸರಿನಲ್ಲಿ ಒತ್ತಾಯಿಸಿದರೆ ಏನು ಗತಿ ಎಂದು ಯಾರಾದರೂ ಕೇಳಿದರೆ ಅದನ್ನು ಧರ್ಮನಿಂದೆಯೆಂದು ತಳ್ಳಿಹಾಕಬೇಕಾಗಿಲ್ಲ. ಕೃತ, ಕಾರಿತ, ಅನುಮೋದನ ಈ ಮೂರರಿಂದಲೂ ಹಿಂಸೆಯನ್ನು ತ್ಯಜಿಸಬೇಕೆಂದು ಆಗಮ ಹೇಳುತ್ತದೆ. ಒತ್ತಾಯಿಸಿದವರು ಕಾರಿತಕ್ಕೆ, ಕಂಡೂ ಸಮ್ಮತಿಸಿದವರು ಅನುಮೋದನಕ್ಕೆ ಭಾಗಿಗಳು. ಅಂಥದ್ದನ್ನು ಸಂಪ್ರದಾಯವೆಂದು ಸಮರ್ಥಿಸಿದರೆ, ಸಂಪ್ರದಾಯಕ್ಕೆ ಹೊರಗಿನವರಿಗಿಂತ ಹೆಚ್ಚಿನ ಅಪಚಾರ ಒಳಗಿನವರಿಂದಲೇ ಆದಂತೆ.

ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನಗಳು ಸಾವಿರ ವರ್ಷಗಳಿಗೂ ಹಿಂದಿನಿಂದ ಸಮಾಧಿಮರಣವನ್ನು ಪಡೆದ ಮುನಿಗಳನ್ನೂ ಅಜ್ಜಿಯರನ್ನೂ ನೆನೆಯುತ್ತಿವೆ. ಆ ಕಲ್ಲುಗಳ ಹಿರಿಮೆ ಅವುಗಳ ಹಳಮೆಯಿಂದ ಮಾತ್ರ ಬಂದುದಲ್ಲ. ಅಲ್ಲಿ ದೇಹವಿಟ್ಟವರ ಪರಿಣಾಮಶುದ್ಧಿಯಿಂದ ಬಂದುದು.

ಆಚಾರವನ್ನು ಅಳೆಯುವ ಅಧಿಕಾರ ಆ ಅಳತೆಗೋಲಿಗೆ ಮೊದಲು ತನ್ನನ್ನು ಒಡ್ಡಿಕೊಂಡವನದು. ಮನೆಯ ಹಿರಿಯರು ಸಲ್ಲೇಖನದ ಮಾತೆತ್ತಿದಾಗ ಹೆಮ್ಮೆಪಡುವ ಮೊದಲು ಶ್ರಾವಕನು ಕೇಳಿಕೊಳ್ಳಬೇಕಾದುದಿಷ್ಟು: ಈ ಇಚ್ಛೆ ಅವರದೇ ತಾನೆ? ಚಿಕಿತ್ಸೆಯ ದಾರಿಗಳು ನಿಜವಾಗಿ ಮುಗಿದಿವೆಯೆ? ಗುರುಗಳು ಏನೆಂದರು? ಪ್ರಾಮಾಣಿಕವಾಗಿ ಹೀಗೆ ಕೇಳುವ ಸಮಾಜ ಯಾವ ನ್ಯಾಯಪೀಠದ ಮುಂದೆಯೂ ನಿರ್ಭಯವಾಗಿ ನಿಲ್ಲಬಲ್ಲದು.